ಬ್ರೌಸರ್ ಕಳಿಸಿದ್ದು ಪೈಥಾನ್ ಸರ್ವರ್ ಕೈಗೆ ಸಿಗುವುದು ಹೇಗೆ?

ವೆಬ್ ಪುಟವೊಂದರ ಫಾರ್ಮಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ ಬಟನ್ ಒತ್ತುತ್ತೀರಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಅದು ಐದು: ಕ, ನ, ಒತ್ತಕ್ಷರ ಮಾಡಿಸುವ ಹಲಂತ ಚಿಹ್ನೆ, ಇನ್ನೊಂದು ನ, ಡ. ಯುಟಿಎಫ್-8ರಲ್ಲಿ ಇವಕ್ಕೆ ತಲಾ ಮೂರು ಬೈಟ್, ಒಟ್ಟು 15. ಇದೇ ಪದ ಯುಆರ್‌ಎಲ್‌ನಲ್ಲೋ ಸಾಮಾನ್ಯ ಫಾರ್ಮಿನಲ್ಲೋ ಹೋಗುವಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಹೆಕ್ಸ್ ಅಂಕಿಗಳಾಗಿ ಬದಲಾಗುತ್ತದೆ. ‘ಕ’ ಒಂದೇ %ಇ0%ಬಿ2%95 ಆಗುತ್ತದೆ. ಇಡೀ ಪದ 45 ಕ್ಯಾರೆಕ್ಟರ್ ಉದ್ದಕ್ಕೆ ಬೆಳೆಯುತ್ತದೆ.

ಈ ಉದ್ದನೆಯ ಸಾಲು ಮತ್ತೆ ‘ಕನ್ನಡ’ವಾಗಿ ನಿಮ್ಮ ಪೈಥಾನ್ ಫಂಕ್ಷನ್ನಿಗೆ ಸಿಗುವ ಹೊತ್ತಿಗೆ ನಡುವೆ ಹಲವು ಕೈ ದಾಟಿರುತ್ತದೆ. ವೆಬ್ ಕೆಲಸ ಹೊಸದಾಗಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಫಾರ್ಮಿನಲ್ಲಿ ತುಂಬಿದ್ದೆಲ್ಲ ಸರ್ವರ್‌ನಲ್ಲಿ ಯಾಕೆ ಖಾಲಿ ಬರುತ್ತಿದೆ?’ ಬಹುಪಾಲು ಸಂದರ್ಭಗಳಲ್ಲಿ ಡೇಟಾ ಬಂದೇ ಇರುತ್ತದೆ, ನಾವು ಹುಡುಕುವ ಜಾಗ ಬೇರೆಯಾಗಿರುತ್ತದೆ. ಆದ್ದರಿಂದ ಯಾವ ಫಂಕ್ಷನ್ ಕರೆಯಬೇಕು ಎಂದು ತಡಕಾಡುವ ಮೊದಲು, ಡೇಟಾ ಯಾವ ದಾರಿಯಲ್ಲಿ ಬಂತು, ಅದರ ಮೇಲೆ ಯಾವ ಚೀಟಿ ಅಂಟಿಸಿತ್ತು ಎಂದು ನೋಡಬೇಕು. ಅದು ಗೊತ್ತಾದರೆ ಫಂಕ್ಷನ್ನಿನ ಹೆಸರು ತಾನಾಗಿಯೇ ತಿಳಿಯುತ್ತದೆ. (ಇಲ್ಲಿ ಕೋಡಿನ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಕೊಳ್ಳಬೇಕು.)

ರಿಕ್ವೆಸ್ಟ್ ಎಂದರೆ ನಾಲ್ಕು ಭಾಗಗಳ ಪತ್ರ. ಮೊದಲ ಸಾಲಿನಲ್ಲಿ ಗೆಟ್ ಅಥವಾ ಪೋಸ್ಟ್ ಎಂಬ ವಿಧಾನ, ಜೊತೆಗೆ ವಿಳಾಸದ ದಾರಿ. ದಾರಿಯ ಕೊನೆಯಲ್ಲಿ ಪ್ರಶ್ನೆ ಚಿಹ್ನೆ ಇದ್ದರೆ ಅದರ ನಂತರದ್ದು ಕ್ವೆರಿ ಸ್ಟ್ರಿಂಗ್. ಆಮೇಲೆ ಹೆಡರ್‌ಗಳು, ಒಂದು ಖಾಲಿ ಸಾಲು, ಕೊನೆಗೆ ಬಾಡಿ. ಯುಆರ್‌ಎಲ್‌ನಲ್ಲಿ ಹ್ಯಾಶ್ ಚಿಹ್ನೆಯ ನಂತರ ಬರುವ ಭಾಗ ಬ್ರೌಸರ್ ಬಿಟ್ಟು ಆಚೆ ಹೋಗುವುದೇ ಇಲ್ಲ. ಅದನ್ನು ಸರ್ವರ್‌ನಲ್ಲಿ ಎಷ್ಟು ಹುಡುಕಿದರೂ ಸಿಗದು.

ಟಿಮ್ ಬರ್ನರ್ಸ್-ಲೀ 1991ರಲ್ಲಿ ವಿವರಿಸಿದ ಮೊದಲ ಎಚ್‌ಟಿಟಿಪಿಯಲ್ಲಿ ಗೆಟ್ ಬಿಟ್ಟರೆ ಬೇರೇನೂ ಇರಲಿಲ್ಲ. ಫಾರ್ಮಿನ ಮೂಲಕ ಫೈಲ್ ಕಳಿಸುವ ಪದ್ಧತಿಯನ್ನು 1995ರ ನವೆಂಬರ್‌ನ ಆರ್‌ಎಫ್‌ಸಿ 1867 ಸೂಚಿಸಿತು. ಪೋಸ್ಟ್ ವಿಧಾನ 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲಿ ಜಾಗ ಪಡೆಯಿತು. ಜೇಸನ್ ಬಂದದ್ದು ಇನ್ನೂ ಆಮೇಲೆ. ಒಂದೇ ಕೆಲಸಕ್ಕೆ ಮೂರ್ನಾಲ್ಕು ರೂಪಗಳು ಯಾಕಿವೆ ಎಂದರೆ, ಹಳೆಯದನ್ನು ತೆಗೆಯದೆ ಹೊಸದನ್ನು ಪಕ್ಕಕ್ಕೆ ಸೇರಿಸುತ್ತ ಬಂದಿದ್ದಾರೆ, ಅಷ್ಟೇ.

ಪೈಥಾನ್ ಜೊತೆಗೇ ಬರುವ ಎಚ್‌ಟಿಟಿಪಿ.ಸರ್ವರ್ ಮಾಡ್ಯೂಲಿನಲ್ಲಿ ಒಮ್ಮೆಯಾದರೂ ಈ ಕೆಲಸವನ್ನು ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಅದು ನಿಜವಾದ ಸೈಟ್ ನಡೆಸಲು ಮಾಡಿದ್ದಲ್ಲ. ಕಲಿಯಲು ಮಾತ್ರ ಅದರಷ್ಟು ಬಿಚ್ಚಿ ತೋರಿಸುವ ಸಾಧನ ಇನ್ನೊಂದಿಲ್ಲ. ಅಲ್ಲಿ ಸೆಲ್ಫ್.ಪಾತ್ ಎಂದರೆ ದಾರಿ, ಕ್ವೆರಿ ಸ್ಟ್ರಿಂಗ್ ಎರಡೂ ಅಂಟಿಕೊಂಡಿರುವ ಒಂದೇ ಸಾಲು. ಯುಆರ್‌ಎಲ್‌ಲಿಬ್.ಪಾರ್ಸ್ ಮಾಡ್ಯೂಲಿನಿಂದ ಅದನ್ನು ಬಿಡಿಸಿಕೊಳ್ಳಬೇಕು. ಅದರಲ್ಲಿರುವ ಪಾರ್ಸ್-ಕ್ಯೂಎಸ್ ಫಂಕ್ಷನ್ ಒಂದೊಂದು ಹೆಸರಿಗೂ ಲಿಸ್ಟ್ ಕೊಡುತ್ತದೆ, ಏಕೆಂದರೆ ಒಂದೇ ಹೆಸರು ಎರಡು ಸಲ ಬಂದಿರಬಹುದು. ಖಾಲಿ ಬಿಟ್ಟ ಖಾನೆಗಳನ್ನು ಅದು ತಾನಾಗಿಯೇ ಕೈಬಿಡುತ್ತದೆ. ‘ಖಾಲಿ ತುಂಬಿದ್ದಾರೆ’ ಎನ್ನುವುದಕ್ಕೂ ‘ಆ ಖಾನೆಯೇ ಇರಲಿಲ್ಲ’ ಎನ್ನುವುದಕ್ಕೂ ವ್ಯತ್ಯಾಸ ಬೇಕಿದ್ದರೆ, ಖಾಲಿಯನ್ನೂ ಉಳಿಸು ಎಂದು ಬೇರೆಯಾಗಿ ಹೇಳಬೇಕು.

ಬಾಡಿಯನ್ನು ಓದುವುದು ಸೆಲ್ಫ್.ಆರ್‌ಫೈಲ್ ಎಂಬ ಸ್ಟ್ರೀಮಿನಿಂದ. ಇಲ್ಲಿ ಅಳತೆ ಹೇಳದೆ ಬರೀ ‘ರೀಡ್’ ಎಂದರೆ ಪ್ರೋಗ್ರಾಂ ಅಲ್ಲೇ ನಿಂತುಬಿಡಬಹುದು. ಬ್ರೌಸರ್ ಮುಂದಿನ ರಿಕ್ವೆಸ್ಟಿಗಾಗಿ ಕನೆಕ್ಷನ್ನನ್ನು ತೆರೆದೇ ಇಟ್ಟಿರುತ್ತದೆ. ಸರ್ವರ್ ಇನ್ನೂ ಏನೋ ಬರಲಿದೆ ಎಂದು ಕಾಯುತ್ತಲೇ ಇರುತ್ತದೆ. ಎಷ್ಟು ಓದಬೇಕು ಎಂದು ಹೇಳುವುದು ಕಂಟೆಂಟ್-ಲೆಂತ್ ಹೆಡರ್. ಅದು ಲೆಕ್ಕ ಹಾಕುವುದು ಬೈಟ್‌ಗಳನ್ನು, ಅಕ್ಷರಗಳನ್ನಲ್ಲ. ಬ್ರೌಸರ್ ಈ ಲೆಕ್ಕವನ್ನು ಸರಿಯಾಗಿಯೇ ಹಾಕುತ್ತದೆ. ತಾವೇ ಸಾಕೆಟ್ ತೆರೆದು ರಿಕ್ವೆಸ್ಟ್ ಬರೆಯುವವರು ಮಾತ್ರ ಸ್ಟ್ರಿಂಗಿನ ಉದ್ದವನ್ನೇ ಅಲ್ಲಿ ಹಾಕಿಬಿಡುತ್ತಾರೆ. ಇಂಗ್ಲಿಷ್ ಪಠ್ಯಕ್ಕೆ ಎರಡೂ ಒಂದೇ ಆದ್ದರಿಂದ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ‘ಕನ್ನಡ’ ಬಂದ ದಿನ ಲೆಂತ್ 5 ಎಂದಿರುತ್ತದೆ. ಸರ್ವರ್ ಐದು ಬೈಟ್ ಓದುತ್ತದೆ. ‘ಕ’ ಪೂರ್ತಿ ಸಿಗುತ್ತದೆ, ‘ನ’ದ ಮೂರು ಬೈಟ್‌ಗಳಲ್ಲಿ ಎರಡು ಮಾತ್ರ ಸಿಗುತ್ತವೆ. ಡಿಕೋಡ್ ಮಾಡುವಾಗ ಪೈಥಾನ್ ಯುನಿಕೋಡ್-ಡಿಕೋಡ್-ಎರರ್ ಎಂದು ಕೈಚೆಲ್ಲುತ್ತದೆ. ಪರೀಕ್ಷೆಯ ಮೊದಲ ದಿನವೇ ಕನ್ನಡದ ಒಂದು ಸಾಲು ಹಾಕಿ ನೋಡಿದ್ದರೆ ಇದು ಅವತ್ತೇ ಬಯಲಾಗುತ್ತಿತ್ತು.

ಸರ್ವರ್‌ಗೂ ನಮ್ಮ ಪ್ರೋಗ್ರಾಮಿಗೂ ನಡುವಿನ ಒಪ್ಪಂದಕ್ಕೆ ಪೈಥಾನಿನಲ್ಲಿ ಡಬ್ಲ್ಯುಎಸ್‌ಜಿಐ ಎಂದು ಹೆಸರು. 2003ರಲ್ಲಿ ಪೆಪ್ 333 ಎಂದು ಬರೆದದ್ದು, ಪೈಥಾನ್ 3ಕ್ಕೆ ಹೊಂದಿಸಿ 2010ರಲ್ಲಿ ಪೆಪ್ 3333 ಆಯಿತು. ರಿಕ್ವೆಸ್ಟಿನ ವಿವರಗಳೆಲ್ಲ ಒಂದು ಡಿಕ್ಷನರಿಯಲ್ಲಿ ಬರುತ್ತವೆ, ಬಾಡಿ ಮಾತ್ರ ಓದಬಹುದಾದ ಸ್ಟ್ರೀಮಾಗಿ ಬರುತ್ತದೆ. ಫ್ಲಾಸ್ಕ್, ಜ್ಯಾಂಗೊ, ಬಾಟಲ್ ಎಲ್ಲವೂ ಇದರ ಮೇಲೆ ಕಟ್ಟಿದ ಮನೆಗಳೇ. ಹಳೆಯ ಪಾಠಗಳಲ್ಲಿ ಸಿಜಿಐ ಮಾಡ್ಯೂಲಿನ ಫೀಲ್ಡ್-ಸ್ಟೋರೇಜ್ ಕಂಡರೆ ಅದನ್ನು ಪಕ್ಕಕ್ಕಿಡಿ. 2024ರಲ್ಲಿ ಬಂದ ಪೈಥಾನ್ 3.13ರಿಂದ ಆ ಮಾಡ್ಯೂಲನ್ನೇ ತೆಗೆದಿದ್ದಾರೆ.

ಇನ್ನು ಮುಂದಿನ ಮಾತಿಗೆ ಫ್ಲಾಸ್ಕನ್ನು ಇಟ್ಟುಕೊಳ್ಳೋಣ. ಆರ್ಮಿನ್ ರೋನಾಖರ್ 2010ರ ಏಪ್ರಿಲ್ 16ರಂದು ಬಿಡುಗಡೆ ಮಾಡಿದ ಈ ಚಿಕ್ಕ ಫ್ರೇಮ್‌ವರ್ಕ್ ಕಲಿಯುವವರ ಮೊದಲ ಆಯ್ಕೆಗಳಲ್ಲಿ ಒಂದು. ಊರಿನ ಗ್ರಂಥಾಲಯವೊಂದಕ್ಕೆ ಸದಸ್ಯತ್ವದ ಪುಟ ಮಾಡುತ್ತಿದ್ದೇವೆ ಎಂದುಕೊಳ್ಳಿ: ಪುಸ್ತಕ ಹುಡುಕಲು ಒಂದು ಖಾನೆ, ಸದಸ್ಯರಾಗಲು ಹೆಸರು, ಫೋನ್, ಪಿನ್‌ಕೋಡ್, ಆಸಕ್ತಿಯ ವಿಷಯಗಳು, ಜೊತೆಗೆ ಒಂದು ಫೋಟೊ. ಫ್ಲಾಸ್ಕಿನಲ್ಲಿ ಇವನ್ನೆಲ್ಲ ಕೊಡುವ ವಸ್ತುವಿನ ಹೆಸರು ‘ರಿಕ್ವೆಸ್ಟ್’. ಕೊನೆಯಲ್ಲಿ ‘ಸ್’ ಸೇರಿದ ‘ರಿಕ್ವೆಸ್ಟ್ಸ್’ ಬೇರೆಯೇ ಲೈಬ್ರರಿ. ಅದು ನಾವು ಇನ್ನೊಂದು ಸರ್ವರ್‌ಗೆ ಕೇಳಿಕೆ ಕಳಿಸಲು ಇರುವುದು.

ಕ್ವೆರಿ ಸ್ಟ್ರಿಂಗ್

ಹುಡುಕಾಟದ ಯುಆರ್‌ಎಲ್ ಹೀಗಿರಬಹುದು: /ಸರ್ಚ್?ಕ್ಯೂ=ಕಾರಂತ&ಪೇಜ್=2. ಪ್ರಶ್ನೆ ಚಿಹ್ನೆಯ ನಂತರದ್ದೆಲ್ಲ ರಿಕ್ವೆಸ್ಟ್.ಆರ್ಗ್ಸ್‌ನಲ್ಲಿ ಸಿಗುತ್ತದೆ, ವಿಧಾನ ಗೆಟ್ ಆಗಿರಲಿ ಪೋಸ್ಟ್ ಆಗಿರಲಿ. ಶೇಕಡಾ ಚಿಹ್ನೆಗಳನ್ನೆಲ್ಲ ಬಿಡಿಸಿ ‘ಕಾರಂತ’ ಎಂದೇ ಕೈಗೆ ಕೊಡುತ್ತದೆ. ಚೌಕ ಆವರಣದಲ್ಲಿ ಹೆಸರು ಹಾಕಿ ಕೇಳಿದಾಗ ಆ ಹೆಸರು ಬಂದಿರದಿದ್ದರೆ ಫ್ಲಾಸ್ಕ್ 400 ಎಂದು ಬ್ರೌಸರ್‌ಗೆ ದೋಷ ಕಳಿಸಿಬಿಡುತ್ತದೆ. ‘ಗೆಟ್’ ಬಳಸಿ ಕೇಳಿದರೆ ನನ್ ಕೊಡುತ್ತದೆ.

ಬಂದದ್ದೆಲ್ಲ ಸ್ಟ್ರಿಂಗ್ ಎನ್ನುವುದನ್ನು ಮರೆಯಬಾರದು. ಪೇಜ್ 2 ಎಂದರೆ ಸಂಖ್ಯೆಯಲ್ಲ, ‘2’ ಎಂಬ ಅಕ್ಷರ. ಅದಕ್ಕೆ ಒಂದು ಕೂಡಿಸಲು ಹೋದರೆ ಟೈಪ್-ಎರರ್ ಬರುತ್ತದೆ. ಆರ್ಗ್ಸ್‌ನ ‘ಗೆಟ್’ಗೆ ಟೈಪ್ ಇಂಟ್ ಎಂದೂ, ಡಿಫಾಲ್ಟ್ 1 ಎಂದೂ ಹೇಳಿಬಿಟ್ಟರೆ ಪರಿವರ್ತನೆ ಅದೇ ಮಾಡುತ್ತದೆ, ಯಾರಾದರೂ ಪೇಜ್ ಜಾಗದಲ್ಲಿ ಏನೇನೋ ಬರೆದರೂ 1 ಸಿಗುತ್ತದೆ, ಪ್ರೋಗ್ರಾಂ ಬೀಳುವುದಿಲ್ಲ.

ಪ್ಲಸ್ ಚಿಹ್ನೆ ಇಲ್ಲಿ ಅನೇಕರನ್ನು ಗೋಳಾಡಿಸುತ್ತದೆ. ಫಾರ್ಮ್ ಎನ್‌ಕೋಡಿಂಗ್‌ನಲ್ಲಿ ಪದಗಳ ನಡುವಿನ ಜಾಗಕ್ಕೆ ಪ್ಲಸ್ ಹಾಕುವುದು ರೂಢಿ. ನಿಜವಾದ ಪ್ಲಸ್ ಹೋಗಬೇಕಾದರೆ ಅದು %2ಬಿ ಆಗಬೇಕು. ಬ್ರೌಸರ್‌ನ ಫಾರ್ಮ್ ಇದನ್ನು ತಾನೇ ಮಾಡುತ್ತದೆ. ಆದರೆ ಜಾವಾಸ್ಕ್ರಿಪ್ಟಿನಲ್ಲಿ ಸ್ಟ್ರಿಂಗ್‌ಗಳನ್ನು ಕೂಡಿಸಿ ಲಿಂಕ್ ಕಟ್ಟಿದರೆ, +91ರಿಂದ ಶುರುವಾಗುವ ಫೋನ್ ಸಂಖ್ಯೆ ಸರ್ವರ್ ಮುಟ್ಟುವಾಗ ಒಂದು ಖಾಲಿ ಜಾಗ ಮತ್ತು 91 ಆಗಿರುತ್ತದೆ. ಪುಸ್ತಕದ ಹೆಸರಿನಲ್ಲಿ & ಇದ್ದರಂತೂ ಹೆಸರು ಅರ್ಧಕ್ಕೇ ತುಂಡಾಗುತ್ತದೆ. ಲಿಂಕ್ ಕಟ್ಟುವ ಕೆಲಸವನ್ನು ಬ್ರೌಸರ್‌ನಲ್ಲಿ ಯುಆರ್‌ಎಲ್-ಸರ್ಚ್-ಪ್ಯಾರಮ್ಸ್‌ಗೆ, ಪೈಥಾನಿನಲ್ಲಿ ಯುಆರ್‌ಎಲ್-ಎನ್‌ಕೋಡ್‌ಗೆ ಬಿಡುವುದೇ ಸರಿ.

ಹುಡುಕಾಟಕ್ಕೆ, ಪುಟ ಸಂಖ್ಯೆಗೆ ಕ್ವೆರಿ ಸ್ಟ್ರಿಂಗ್ ಚೆನ್ನಾಗಿ ಒಪ್ಪುತ್ತದೆ, ಲಿಂಕನ್ನು ಇನ್ನೊಬ್ಬರಿಗೆ ಕಳಿಸಬಹುದು. ಪಾಸ್‌ವರ್ಡ್, ಆಧಾರ್ ಸಂಖ್ಯೆಯಂಥವನ್ನು ಅಲ್ಲಿ ಎಂದಿಗೂ ಹಾಕಬಾರದು. ಯುಆರ್‌ಎಲ್ ಬ್ರೌಸರ್‌ನ ಹಿಸ್ಟರಿಯಲ್ಲಿ ಉಳಿಯುತ್ತದೆ, ಸರ್ವರ್‌ನ ಲಾಗ್ ಫೈಲಿನಲ್ಲೂ ಸಾಲು ಸಾಲಾಗಿ ದಾಖಲಾಗುತ್ತದೆ.

ಫಾರ್ಮ್, ಫೈಲ್, ಜೇಸನ್

ಪೋಸ್ಟ್ ರಿಕ್ವೆಸ್ಟಿನ ಬಾಡಿಯಲ್ಲಿ ಏನಿದೆ ಎಂದು ಹೇಳುವ ಚೀಟಿ ಕಂಟೆಂಟ್-ಟೈಪ್ ಹೆಡರ್. ಅದರಲ್ಲಿ ‘ಎಕ್ಸ್-ಡಬ್ಲ್ಯುಡಬ್ಲ್ಯುಡಬ್ಲ್ಯು-ಫಾರ್ಮ್-ಯುಆರ್‌ಎಲ್‌ಎನ್‌ಕೋಡೆಡ್’ ಎಂದಿದ್ದರೆ ಕ್ವೆರಿ ಸ್ಟ್ರಿಂಗಿನ ರೂಪದ್ದೇ ಡೇಟಾ ಬಾಡಿಯಲ್ಲಿದೆ ಎಂದರ್ಥ. ‘ಮಲ್ಟಿಪಾರ್ಟ್/ಫಾರ್ಮ್-ಡೇಟಾ’ ಎಂದಿದ್ದರೆ ಒಂದೊಂದು ಖಾನೆಯೂ ಬೌಂಡರಿ ಎಂಬ ಗಡಿ ಸಾಲಿನಿಂದ ಬೇರ್ಪಟ್ಟು ಬಂದಿದೆ. ಇವೆರಡರಲ್ಲೂ ಪಠ್ಯದ ಖಾನೆಗಳು ರಿಕ್ವೆಸ್ಟ್.ಫಾರ್ಮ್‌ನಲ್ಲಿ, ಫೈಲ್‌ಗಳು ರಿಕ್ವೆಸ್ಟ್.ಫೈಲ್ಸ್‌ನಲ್ಲಿ ಸಿಗುತ್ತವೆ. ‘ಅಪ್ಲಿಕೇಶನ್/ಜೇಸನ್’ ಎಂದಿದ್ದರೆ ಫಾರ್ಮ್ ಖಾಲಿ ಇರುತ್ತದೆ, ಗೆಟ್-ಜೇಸನ್ ಕರೆಯಬೇಕು. ‘ಖಾಲಿ ಬರುತ್ತಿದೆ’ ಎಂಬ ದೂರು ಬಹುಮಟ್ಟಿಗೆ ಈ ಮೂರರ ನಡುವಿನ ಗಲಿಬಿಲಿ.

ಇನ್‌ಪುಟ್ ಖಾನೆಗೆ ‘ನೇಮ್’ ಇಲ್ಲದಿದ್ದರೆ ಅದು ಹೋಗುವುದಿಲ್ಲ. ‘ಐಡಿ’ ಇದ್ದರೆ ಸಾಲದು. ಡಿಸೇಬಲ್ ಮಾಡಿದ ಖಾನೆ ಹೋಗುವುದಿಲ್ಲ, ರೀಡ್-ಓನ್ಲಿ ಮಾಡಿದ್ದು ಹೋಗುತ್ತದೆ. ಟಿಕ್ ಹಾಕದ ಚೆಕ್‌ಬಾಕ್ಸ್ ‘ಇಲ್ಲ’ ಎಂದು ಕಳಿಸುವುದಿಲ್ಲ, ಸುಮ್ಮನೆ ಗೈರಾಗುತ್ತದೆ. ನಮ್ಮ ಫಾರ್ಮಿನಲ್ಲಿ ಸದಸ್ಯರು ಕತೆ, ವಿಜ್ಞಾನ, ಕೃಷಿ ಮೂರಕ್ಕೂ ಟಿಕ್ ಹಾಕಿದ್ದರೆ ‘ಗೆಟ್’ ಕೊಡುವುದು ಮೊದಲನೆಯದನ್ನು ಮಾತ್ರ. ಮೂರೂ ಬೇಕಾದರೆ ಗೆಟ್‌ಲಿಸ್ಟ್ ಎನ್ನಬೇಕು. ಟೆಕ್ಸ್ಟ್-ಏರಿಯಾದಲ್ಲಿ ಎಂಟರ್ ಒತ್ತಿದ ಪ್ರತಿ ಜಾಗದಲ್ಲೂ ಎರಡು ಕ್ಯಾರೆಕ್ಟರ್ ಬರುತ್ತದೆ ಎನ್ನುವುದೂ ನೆನಪಿರಲಿ. ಉದ್ದದ ಮಿತಿ ಹಾಕಿದವರಿಗೆ ಲೆಕ್ಕ ತಪ್ಪುವುದು ಅಲ್ಲೇ.

ಫೋಟೊ ಕಳಿಸಲು ಫಾರ್ಮ್ ಟ್ಯಾಗಿನಲ್ಲಿ ಎನ್‌ಕ್‌ಟೈಪ್ ಮಲ್ಟಿಪಾರ್ಟ್ ಎಂದು ಹಾಕಲೇಬೇಕು. ಮರೆತರೆ ಫೈಲಿನ ಹೆಸರಷ್ಟೇ ಪಠ್ಯವಾಗಿ ಹೋಗುತ್ತದೆ, ಫೈಲ್ ಹೋಗುವುದಿಲ್ಲ. ಜಾವಾಸ್ಕ್ರಿಪ್ಟಿನ ಫೆಚ್ ಮೂಲಕ ಫಾರ್ಮ್-ಡೇಟಾ ಕಳಿಸುವವರು ಇದರ ತದ್ವಿರುದ್ಧ ತಪ್ಪು ಮಾಡುತ್ತಾರೆ: ಕಂಟೆಂಟ್-ಟೈಪನ್ನು ಕೈಯಾರೆ ಬರೆಯುತ್ತಾರೆ. ಆಗ ಬೌಂಡರಿ ಯಾವುದು ಎಂಬ ಮಾಹಿತಿ ಹೆಡರ್‌ನಲ್ಲಿ ಇರುವುದಿಲ್ಲ, ಸರ್ವರ್‌ಗೆ ಖಾನೆಗಳನ್ನು ಬಿಡಿಸಲು ಆಗುವುದಿಲ್ಲ. ಅಲ್ಲಿ ಆ ಹೆಡರನ್ನು ಮುಟ್ಟದೆ ಬ್ರೌಸರ್‌ಗೇ ಬಿಡಬೇಕು. ಜೇಸನ್ ಕಳಿಸುವಾಗ ಮಾತ್ರ ನಾವೇ ಬರೆಯಬೇಕು, ಏಕೆಂದರೆ ಸ್ಟ್ರಿಂಗ್ ಕೊಟ್ಟರೆ ಫೆಚ್ ಅದನ್ನು ‘ಟೆಕ್ಸ್ಟ್/ಪ್ಲೇನ್’ ಎಂದು ಕಳಿಸುತ್ತದೆ. ಈಗಿನ ಫ್ಲಾಸ್ಕ್ ಅದಕ್ಕೆ 415 ಎಂದು ಉತ್ತರಿಸುತ್ತದೆ. ಗೆಟ್-ಜೇಸನ್‌ಗೆ ‘ಫೋರ್ಸ್’ ಎಂದು ಹೇಳಿ ಚೀಟಿ ನೋಡದೆಯೇ ಓದಿಸಬಹುದು ನಿಜ. ನನಗದು ಒಪ್ಪಿಗೆಯಿಲ್ಲ. ಕಳಿಸುವ ಕಡೆ ಒಂದು ಸಾಲು ಸರಿಪಡಿಸುವುದು ಸುಲಭವಿರುವಾಗ ಸರ್ವರ್ ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ.

ಜೇಸನ್‌ನಲ್ಲಿ ಸಂಖ್ಯೆ ಸಂಖ್ಯೆಯಾಗಿಯೇ, ಹೌದು-ಅಲ್ಲ ಬೂಲಿಯನ್ನಾಗಿಯೇ ಬರುತ್ತವೆ. ಆದರೆ ಬಂದದ್ದು ಡಿಕ್ಷನರಿಯೇ ಎಂದು ನಂಬಿ ನೇರ ‘ಗೆಟ್’ ಎನ್ನಬೇಡಿ. ಯಾರಾದರೂ ಬರೀ ಲಿಸ್ಟ್ ಕಳಿಸಿದರೆ ಪ್ರೋಗ್ರಾಂ ಅಲ್ಲೇ ಮುಗ್ಗರಿಸುತ್ತದೆ.

ಬಾಡಿಯ ಸ್ಟ್ರೀಮನ್ನು ಓದುವುದು ಒಂದೇ ಸಲ. ರಿಕ್ವೆಸ್ಟ್.ಫಾರ್ಮ್ ಮುಟ್ಟಿದ ಮೇಲೆ ಗೆಟ್-ಡೇಟಾ ಕೇಳಿದರೆ ಖಾಲಿ ಸಿಗುತ್ತದೆ. ಹಣ ಪಾವತಿಯ ಗೇಟ್‌ವೇಗಳು ಸರ್ವರ್‌ಗೆ ಕಳಿಸುವ ಸಂದೇಶಗಳಲ್ಲಿ ಇದು ಮುಖ್ಯವಾಗುತ್ತದೆ. ಸಂದೇಶ ನಿಜವಾದದ್ದೇ ಎಂದು ಪರೀಕ್ಷಿಸಲು ಅವರು ಕಳಿಸುವ ಸಹಿ ಸಾಮಾನ್ಯವಾಗಿ ಮೂಲ ಬೈಟ್‌ಗಳ ಮೇಲೆ ಲೆಕ್ಕ ಹಾಕಿದ್ದು. ಜೇಸನ್ ಬಿಡಿಸಿ ಮತ್ತೆ ಜೇಸನ್ ಮಾಡಿದರೆ ಒಂದು ಖಾಲಿ ಜಾಗ ಹೆಚ್ಚುಕಡಿಮೆಯಾದರೂ ಸಹಿ ಹೊಂದುವುದಿಲ್ಲ. ಆದ್ದರಿಂದ ಮೊದಲು ಗೆಟ್-ಡೇಟಾದಿಂದ ಬೈಟ್‌ಗಳನ್ನು ತೆಗೆದುಕೊಂಡು ಸಹಿ ನೋಡಿ, ಆಮೇಲೆ ಒಳಗಿನದನ್ನು ಬಿಡಿಸಬೇಕು.

ಕನ್ನಡ ಬಂದಾಗ

ಇಂಗ್ಲಿಷ್ ಪಾಠಗಳಲ್ಲಿ ಸಾಮಾನ್ಯವಾಗಿ ಕಾಣದ ಕೆಲವು ಸಂಗತಿಗಳು ನಮಗೆ ದಿನವೂ ಎದುರಾಗುತ್ತವೆ. ಮೊದಲನೆಯದು ಅಂಕಿ. ಸದಸ್ಯರು ಪಿನ್‌ಕೋಡ್ ಖಾನೆಯಲ್ಲಿ ೫೬೦೦೦೧ ಎಂದು ಬರೆದರೆ ಪೈಥಾನಿನ ಇಂಟ್ ಅದನ್ನು ಸಲೀಸಾಗಿ 560001 ಮಾಡುತ್ತದೆ. ಖುಷಿಯ ವಿಷಯವೇ. ಆದರೆ ‘ಆರು ಅಂಕಿ ಇವೆಯೇ’ ಎಂದು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಬ್ಯಾಕ್‌ಸ್ಲ್ಯಾಶ್-ಡಿ ಹಾಕಿ ಪರೀಕ್ಷಿಸುವವರು ಗಮನಿಸಬೇಕು: ಸ್ಟ್ರಿಂಗ್ ಮೇಲೆ ಅದು ಕನ್ನಡ ಅಂಕಿಗಳನ್ನೂ ಒಪ್ಪುತ್ತದೆ. ಪರೀಕ್ಷೆ ಪಾಸಾಗಿ ೫೬೦೦೦೧ ಹಾಗೆಯೇ ಡೇಟಾಬೇಸಿಗೆ ಹೋಗುತ್ತದೆ, ನಾಳೆ 560001 ಎಂದು ಹುಡುಕಿದವರಿಗೆ ಆ ಸದಸ್ಯರು ಸಿಗುವುದೇ ಇಲ್ಲ. ಕನ್ನಡ ಅಂಕಿಯನ್ನು ತಿರಸ್ಕರಿಸುವುದು ಪರಿಹಾರವಲ್ಲ. ಬರೆದವರು ತಪ್ಪು ಮಾಡಿಲ್ಲ. ಉಳಿಸುವ ಮೊದಲು ಒಂದೇ ರೂಪಕ್ಕೆ ತರುವುದು ನಮ್ಮ ಕೆಲಸ.

ಎರಡನೆಯದು ಇನ್ನೂ ಸೂಕ್ಷ್ಮ. ‘ಕೋಲಾರ’ದ ‘ಕೋ’ದಲ್ಲಿರುವ ಓ ಸ್ವರಚಿಹ್ನೆಯನ್ನು ಯುನಿಕೋಡ್ ಒಂದೇ ಸಂಕೇತವಾಗಿಯೂ ಬರೆಯುತ್ತದೆ, ಎತ್ವ, ಊತ್ವ ಮತ್ತು ದೀರ್ಘದ ಚಿಹ್ನೆ ಎಂದು ಮೂರು ತುಂಡಾಗಿಯೂ ಒಪ್ಪುತ್ತದೆ. ಮೊದಲ ರೂಪದಲ್ಲಿ ಪದದ ಉದ್ದ 5, ಎರಡನೆಯದರಲ್ಲಿ 7. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಪೈಥಾನ್ ಮಾತ್ರ ಎರಡೂ ಬೇರೆ ಎನ್ನುತ್ತದೆ. ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ನಿಗೆ ‘ಎನ್‌ಎಫ್‌ಸಿ’ ಎಂದು ಹೇಳಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಬಂದ ಪ್ರತಿಯೊಂದು ಕನ್ನಡ ಪಠ್ಯವನ್ನೂ ಒಳಗೆ ಬಿಡುವ ಮೊದಲು ಹೀಗೆ ಹಾಯಿಸುವುದನ್ನು ಕನ್ನಡದ ತಂತ್ರಾಂಶ ಮಾಡುವವರೆಲ್ಲ ನಿಯಮ ಮಾಡಿಕೊಳ್ಳಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ಒತ್ತಕ್ಷರವಾಗಿ ಕೂಡದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಇರುತ್ತದೆ. ಸ್ಟ್ರಿಪ್ ಅದನ್ನು ತೆಗೆಯುವುದಿಲ್ಲ, ಎನ್‌ಎಫ್‌ಸಿಯೂ ತೆಗೆಯುವುದಿಲ್ಲ. ಉಳಿಸುವ ಹೆಸರಿನಿಂದ ಅದನ್ನು ಕಿತ್ತುಹಾಕಬೇಡಿ, ಹೆಸರು ಬರೆದ ರೀತಿಯೇ ಕೆಡುತ್ತದೆ. ಹುಡುಕಾಟಕ್ಕೆಂದು ಬೇರೆ ಕಾಲಂ ಇಟ್ಟುಕೊಂಡು ಅಲ್ಲಿ ತೆಗೆಯಬಹುದು.

ಫೈಲಿನ ಹೆಸರಿನ ವಿಷಯದಲ್ಲಿ ಇನ್ನೊಂದು ತೊಡಕು. ಬ್ರೌಸರ್ ಕಳಿಸಿದ ಫೈಲ್ ಹೆಸರನ್ನು ಹಾಗೆಯೇ ಡಿಸ್ಕಿಗೆ ಬರೆಯಬಾರದು. ಅದರಲ್ಲಿ ಬೇರೆ ಫೋಲ್ಡರಿಗೆ ಹೋಗುವ ದಾರಿ ಅಡಗಿರಬಹುದು. ಅದಕ್ಕೆಂದು ವರ್ಕ್‌ಜಾಯ್ಗ್ ಲೈಬ್ರರಿಯ ಸೆಕ್ಯೂರ್-ಫೈಲ್‌ನೇಮ್ ಬಳಸಿ ಎನ್ನುತ್ತಾರೆ. ಅದು ಆಸ್ಕಿ ಅಲ್ಲದ ಅಕ್ಷರಗಳನ್ನೆಲ್ಲ ತೆಗೆದುಹಾಕುತ್ತದೆ. ‘ಪಹಣಿ’ ಎಂದು ಕನ್ನಡದಲ್ಲಿ ಹೆಸರಿಟ್ಟ ಪಿಡಿಎಫ್ ಫೈಲ್ ಕೊಟ್ಟರೆ ಚುಕ್ಕಿಯೂ ಉಳಿಯದೆ ಬರೀ ‘ಪಿಡಿಎಫ್’ ಎಂಬ ಮೂರು ಇಂಗ್ಲಿಷ್ ಅಕ್ಷರ ಹೊರಬರುತ್ತವೆ. ನಾಳೆ ‘ರಸೀದಿ’ ಎಂಬ ಹೆಸರಿನ ಪಿಡಿಎಫ್ ಬಂದರೆ ಅದರ ಹೆಸರೂ ಅದೇ ಆಗುತ್ತದೆ, ಮೊದಲಿನದರ ಮೇಲೆ ಇದು ಕೂರುತ್ತದೆ. ಡಿಸ್ಕಿನಲ್ಲಿ ಯುಯುಐಡಿಯಂಥ ಹೊಸ ಹೆಸರು ಕೊಟ್ಟು, ಜನರು ಇಟ್ಟ ಮೂಲ ಹೆಸರನ್ನು ಡೇಟಾಬೇಸಿನಲ್ಲಿ ಪಠ್ಯವಾಗಿ ಇಟ್ಟುಕೊಳ್ಳುವುದು ಕ್ಷೇಮ. ಅಪ್‌ಲೋಡಿಗೆ ಮ್ಯಾಕ್ಸ್-ಕಂಟೆಂಟ್-ಲೆಂತ್ ಮಿತಿಯನ್ನೂ ಹಾಕಿಡಿ. ದಾಟಿದವರಿಗೆ ಫ್ಲಾಸ್ಕ್ 413 ಎಂದು ಉತ್ತರಿಸುತ್ತದೆ.

ಜ್ಯಾಂಗೊ ಬಳಸುವವರಿಗೆ ಒಂದು ಮಾತು: ಅಲ್ಲಿ ಕ್ವೆರಿ ಸ್ಟ್ರಿಂಗಿಗೆ ರಿಕ್ವೆಸ್ಟ್.ಗೆಟ್ ಎಂದೂ ಫಾರ್ಮಿಗೆ ರಿಕ್ವೆಸ್ಟ್.ಪೋಸ್ಟ್ ಎಂದೂ ಹೆಸರು. ಪೋಸ್ಟ್ ರಿಕ್ವೆಸ್ಟಿನಲ್ಲೂ ಕ್ವೆರಿ ಸ್ಟ್ರಿಂಗ್ ಇದ್ದರೆ ಅದು ‘ಗೆಟ್’ನಲ್ಲೇ ಸಿಗುತ್ತದೆ; ಜೇಸನ್ ಮಾತ್ರ ಎರಡರಲ್ಲೂ ಇರುವುದಿಲ್ಲ, ರಿಕ್ವೆಸ್ಟ್.ಬಾಡಿಯಿಂದ ತೆಗೆಯಬೇಕು. ಫಾಸ್ಟ್‌ಎಪಿಐನಲ್ಲಿ ಫಂಕ್ಷನ್ನಿನ ಪ್ಯಾರಾಮೀಟರ್‌ಗಳಿಗೆ ಟೈಪ್ ಬರೆದರೆ ಪರೀಕ್ಷೆ ತಾನಾಗಿ ನಡೆದು, ಹೊಂದದಿದ್ದಾಗ 422 ಹೋಗುತ್ತದೆ.

ಯಾವ ಫ್ರೇಮ್‌ವರ್ಕ್ ಆದರೂ, ಪುಟದಲ್ಲಿ ಹಾಕಿದ ‘ಇದು ಕಡ್ಡಾಯ’, ‘ಇಷ್ಟೇ ಉದ್ದ’ ಎಂಬ ನಿಯಮಗಳು ಬ್ರೌಸರ್‌ನಲ್ಲಿ ಮಾತ್ರ ನಡೆಯುತ್ತವೆ. ಬ್ರೌಸರ್ ಬಿಟ್ಟು ಕರ್ಲ್‌ನಂಥ ಸಾಧನ ಬಳಸುವವರಿಗೆ ಅವು ಕಾಣುವುದೂ ಇಲ್ಲ. ಸರ್ವರ್‌ನಲ್ಲಿ ಮತ್ತೆ ಪರೀಕ್ಷಿಸಬೇಕು, ಎಸ್‌ಕ್ಯೂಎಲ್‌ಗೆ ಕೊಡುವಾಗ ಸ್ಟ್ರಿಂಗ್ ಅಂಟಿಸದೆ ಪ್ಯಾರಾಮೀಟರ್ ಆಗಿಯೇ ಕೊಡಬೇಕು.

ಏನೋ ಖಾಲಿ ಬಂತು ಎಂದಾಗ ಮೊದಲು ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು, ಆ ರಿಕ್ವೆಸ್ಟ್ ಮೇಲೆ ಕ್ಲಿಕ್ ಮಾಡಿ, ಹೆಡರ್‌ಗಳನ್ನೂ ಪೇಲೋಡನ್ನೂ ನೋಡಿ. ಅಲ್ಲೇ ಇಲ್ಲದಿದ್ದರೆ ತಪ್ಪು ಪುಟದಲ್ಲಿದೆ. ಅಲ್ಲಿದ್ದರೆ, ಸರ್ವರ್ ಫಂಕ್ಷನ್ನಿನ ಮೊದಲ ಸಾಲುಗಳಲ್ಲೇ ವಿಧಾನ, ಕಂಟೆಂಟ್-ಟೈಪ್, ಕಂಟೆಂಟ್-ಲೆಂತ್, ಗೆಟ್-ಡೇಟಾ ಈ ನಾಲ್ಕನ್ನೂ ಪ್ರಿಂಟ್ ಮಾಡಿಸಿ. ಗೆಟ್-ಡೇಟಾ ಉಳಿದೆಲ್ಲಕ್ಕಿಂತ ಮೊದಲಿರಲಿ. ಫ್ಲಾಸ್ಕಿನ ಟೆಸ್ಟ್-ಕ್ಲೈಂಟ್ ಮೂಲಕ ಬ್ರೌಸರ್ ಇಲ್ಲದೆಯೂ ಇದನ್ನೆಲ್ಲ ಪರೀಕ್ಷಿಸಬಹುದು. ಆ ಪರೀಕ್ಷೆಗಳಿಗೆ ಹೆಸರಿನ ಖಾನೆಯಲ್ಲಿ ‘ರಾಜ್‌ಕುಮಾರ್’, ಊರಿಗೆ ‘ಕೋಲಾರ’ದ ಎರಡೂ ರೂಪ, ಪಿನ್‌ಕೋಡಿಗೆ ೫೬೦೦೦೧, ಫೋನಿಗೆ +91, ಫೈಲಿಗೆ ‘ಪಹಣಿ’ ಎಂದು ತುಂಬಿ ಓಡಿಸಿ. ಮೇಲೆ ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಆ ಒಂದು ಓಟದಲ್ಲೇ ಸಿಕ್ಕಿಬೀಳುತ್ತವೆ.